ಕಲ್ಲಿನಲ್ಲೇ ಬಿಟ್ಟ ಬೆಣೆ

ಹಿರೇಬೆಂಡಿಗೇರಿಯ ಗುಡ್ಡಪ್ಪ ಕಲ್ಲಿನ ಕೆಲಸದವನು. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಎಷ್ಟು ಮನೆಗಳ ಹೊಸ್ತಿಲು, ಎಷ್ಟು ಬಾವಿಗಳ ಮೆಟ್ಟಿಲು ಕಡಿದಿದ್ದಾನೋ ಅವನಿಗೇ ಲೆಕ್ಕವಿಲ್ಲ. ಬಂಡೆಯನ್ನು ಒಮ್ಮೆ ತಟ್ಟಿ ನೋಡಿ, "ಇದು ಹಿಂಗ ಸೀಳತೈತಿ" ಎಂದರೆ ಅದು ಹಾಗೆಯೇ ಸೀಳಬೇಕು. ಆ ಹೆಮ್ಮೆ ಅವನ ಮೀಸೆಯಲ್ಲೇ ಕಾಣುತ್ತದೆ. ಕಾಣಲಿ ಬಿಡಿ, ದುಡಿದವನ ಮೀಸೆ ಅದು.

ಕಲ್ಲಿನವರಲ್ಲಿ ಗುಡ್ಡಪ್ಪ ಪಾಲಿಸಿಕೊಂಡು ಬಂದ ಪದ್ಧತಿ ಒಂದಿದೆ. ಒಂದು ಖಣಿಯ ಕೆಲಸ ಮುಗಿಸಿ ಹೊರಡುವಾಗ ಸುತ್ತಿಗೆ, ಚಾಣ, ಬೆಣೆ ಎಲ್ಲವನ್ನೂ ಹೆಕ್ಕಿ ಚೀಲಕ್ಕೆ ಹಾಕಿಕೊಳ್ಳಬೇಕು. ಕಲ್ಲು ಸೀಳುವ ಆ ಕಬ್ಬಿಣದ ಬೆಣೆ ಒಂದೇ ಒಂದು ಹಿಂದೆ ಉಳಿದರೂ ಅಪಶಕುನ. ಮಾಲಕನ ಹತ್ತಿರದ ಹಿಸಾಬೂ ಹಾಗೆಯೇ, ಚುಕ್ತಾ ಮಾಡಿಕೊಂಡೇ ಊರಿನ ದಾರಿ ಹಿಡಿಯಬೇಕು. ಈ ಪದ್ಧತಿಯಿಂದಾಗಿ ಗುಡ್ಡಪ್ಪ ಯಾರಿಂದಲೂ ಮೋಸ ಹೋಗದೆ ಬಾಳಿದ. ಅದೇ ಪದ್ಧತಿ ಈ ಸಲ ಅವನ ಮಗನ ಮುಪ್ಪಿನ ಅನ್ನಕ್ಕೆ ಕಲ್ಲು ಹಾಕುವುದರಲ್ಲಿತ್ತು.

ಮಗ ಹುಲಗೇಶ ಅಪ್ಪನ ಕಸುಬನ್ನೇ ಹಿಡಿದವನು. ಆದರೆ ಅವನ ಪಾಲಿಗೆ ಬಂದದ್ದು ಇಡೀ ಗುಡ್ಡ. ನಮ್ಮ ದೇಶದ ಒಂದು ಕಂಪನಿಯ ನೌಕರನಾಗಿ ಮೊದಲು ಇಲ್ಲಿ, ಆಮೇಲೆ ಭೂತಾನದಲ್ಲಿ ಸುರಂಗ ಕೊರೆದ. ಆ ಕೆಲಸ ಮುಗಿಸಿ ಊರಿಗೆ ಬಂದವನು ಅಪ್ಪನಿಗೆಂದು ಶಾಲು ತರಲಿಲ್ಲ, ಸುರಂಗದೊಳಗಿನ ಅಂಗೈಯಗಲದ ಕಲ್ಲು ತಂದ. ಗುಡ್ಡಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ದೇವರ ಜಗಲಿಯ ಪಕ್ಕದಲ್ಲಿಟ್ಟ. ಬಂದವರಿಗೆಲ್ಲ ತೋರಿಸಿ, "ಇಂಥಾ ಕಲ್ಲಿನ್ಯಾಗ ನನ್ನ ಮಗ ದಾರಿ ಮಾಡ್ಯಾನ" ಎನ್ನುತ್ತಿದ್ದ.

ಬರುವ ತಿಂಗಳು ಹುಲಗೇಶ ನೇಪಾಳಕ್ಕೆ ಹೊರಡಬೇಕು. ಅಲ್ಲೂ ಸುರಂಗದ ಕೆಲಸವೇ, ಕಂಪನಿ ನಮ್ಮ ದೇಶದ್ದೇ, ಆದರೆ ಬೇರೆಯದು.

"ಹಳೇ ಕಂಪನಿ ಪಿಎಫ್ ಪೂರಾ ಮುರಿಸಿಬಿಡು. ಹೊಸ ಖಣಿಗೆ ಹೋಗಾವ ಹಳೇ ಖಣಿಯೊಳಗ ಏನೂ ಬಿಡಬಾರದು" ಎಂದ ಗುಡ್ಡಪ್ಪ.

ಶಿಗ್ಗಾಂವಿಯ ಕಂಪ್ಯೂಟರ್ ಅಂಗಡಿಯವನೂ ಫೋನಿನಲ್ಲಿ, "ಬರ್ರಿ, ನಾ ಮುರಿಸಿಕೊಡ್ತೇನಿ" ಎಂದಿದ್ದ. ಸೋಮವಾರ ಹೋಗುವುದೆಂದಾಯಿತು. ಹುಲಗೇಶನ ಹೆಂಡತಿ ಹೇಮಾಳಿಗೆ ಮಾತ್ರ ಇದು ಒಪ್ಪಿಗೆಯಾಗಲಿಲ್ಲ. ಒಳಗೆ ಹೋಗಿ ಗೆಳತಿ ಶಾಹೀನಳಿಗೆ ಫೋನು ಹಚ್ಚಿದಳು. ಶಾಹೀನ ಸವಣೂರಿನಲ್ಲಿ ತೆರಿಗೆ ಲೆಕ್ಕ ನೋಡುವ ಕಚೇರಿಯಲ್ಲಿ ಕೆಲಸ ಮಾಡುವವಳು. ಪಿಎಫ್ ವಿಷಯ ಅವಳಿಗೆ ನಿತ್ಯದ ಮಾತು.

ಭಾನುವಾರ ಶಾಹೀನ ಬಂದಳು. ಗುಡ್ಡಪ್ಪನಿಗೆ ಸವಣೂರಿನ ವೀಳ್ಯದೆಲೆ, ಮನೆಮಂದಿಗೆಲ್ಲ ತಿನ್ನಲು ಖಾರಾ ತಂದಿದ್ದಳು.

"ಕಾಕಾ, ಪಿಎಫ್ ಮುರಿಸಾಕ ಹೊಂಟೀರಂತ?"

"ಹೌದವಾ. ಕೆಲಸ ಮುಗೀತು, ಹಿಸಾಬೂ ಮುಗೀಬೇಕು. ನಮ್ಮ ರೊಕ್ಕ ಬಿಟ್ಟುಹೋದ ಮಾಲಕನ ಹತ್ರ ಯಾಕ ಇರಬೇಕು?"

"ಅದು ಮಾಲಕನ ಹತ್ರ ಇಲ್ಲರಿ. ಸರ್ಕಾರದ ಭವಿಷ್ಯನಿಧಿಯೊಳಗ ಐತಿ, ಹುಲಗೇಶಣ್ಣನ ಹೆಸರಲೆ. ಅವಂಗ ಯುಎಎನ್ ಅಂತ ಒಂದು ನಂಬರ್ ಕೊಟ್ಟಿರತಾರ. ಹೊಸ ಕಂಪನಿಗೆ ಅದ ನಂಬರ್ ಕೊಟ್ರ ಹಳೇದು ಹೊಸದು ಎರಡೂ ಕೂಡತಾವ."

ಗುಡ್ಡಪ್ಪ ಎಲೆಗೆ ಸುಣ್ಣ ಸವರುತ್ತ ನಕ್ಕ. "ಕೈಯಾಗ ಇದ್ದದ್ದ ರೊಕ್ಕ, ತಂಗಿ. ನಂಬರ್ ತಗೊಂಡು ಉಪ್ಪಿನಕಾಯಿ ಹಾಕೂಣೇನು?"

"ರೊಕ್ಕಕ್ಕಿಂತ ದೊಡ್ಡದೊಂದು ಐತ್ರಿ ಅದರಾಗ. ಪಿಂಚಣಿ. ಹೇಮಾ ಕಳಿಸಿದ ಸಂಬಳದ ಚೀಟಿ, ಪಾಸ್‌ಬುಕ್ ಎರಡೂ ಫೋನಿನ್ಯಾಗ ನೋಡೇನಿ, ಅಣ್ಣಂಗ ಪಿಂಚಣಿ ಪಾಲೂ ಜಮಾ ಆಗೇತಿ. ಹತ್ತು ವರ್ಷದ ಸೇವಾ ತುಂಬಿದ್ರ, ಐವತ್ತೆಂಟು ವಯಸ್ಸಾದ ಮ್ಯಾಲ ಇರೋತನಕ ತಿಂಗಳಾ ಪಿಂಚಣಿ. ಅವನ ಹಿಂದ ಹೇಮಾಗೂ ಬರತೈತಿ. ಈಗ ಒಂಬತ್ತು ತುಂಬ್ಯಾವ. ಪಿಂಚಣಿ ಪಾಲನ್ನೂ ಕೂಡಿಸಿ ಮುರಿಸಿದ್ರ ಆ ಒಂಬತ್ತೂ ಹೋದ್ವು. ನೇಪಾಳದಾಗ ಮತ್ತ ಒಂದರಿಂದ ಎಣಸಬೇಕು."

ಹುಲಗೇಶ ಖಾರಾ ತಿನ್ನುವುದನ್ನು ನಿಲ್ಲಿಸಿದ. "ನನ್ನ ಕೂಡ ಸುರಂಗದಾಗಿದ್ದ ಹಿರೇಕೆರೂರಿನ ಹಾಲೇಶಣ್ಣ ಹಂಗ ಮಾಡಿದ್ದಪ್ಪ. ಪ್ರತಿ ಸುರಂಗ ಮುಗಿದಾಗೊಮ್ಮೆ ಮುರಿಸಿ ಊರಿಗೆ ಬರತಿದ್ದ. ಈಗ ವಯಸ್ಸಾಗೇತಿ, ಪಿಂಚಣಿ ಇಲ್ಲ."

ಗುಡ್ಡಪ್ಪ ಎಲೆ ಮಡಿಚಿ ಬಾಯಿಗಿಟ್ಟುಕೊಂಡ. ಹುಲಗೇಶನಿಗೆ ಇನ್ನೊಂದು ಅಳುಕಿತ್ತು.

"ತಂಗಿ, ಭೂತಾನದಾಗ ಸಂಬಳದಾಗ ತೆರಿಗಿ ಹಿಡಕೊಂಡಾರ. ಇಲ್ಲಿ ಹೇಳಿದ್ರ ಮತ್ತೊಮ್ಮೆ ಕಟ್ಟಬೇಕಾಗ್ತೈತಿ, ಹೇಳಬ್ಯಾಡ ಅಂತ ಆ ಅಂಗಡಿಯವ ಅಂದ."

"ಮುಚ್ಚಿಡಬ್ಯಾಡಣ್ಣ. ಮುಚ್ಚಿಟ್ರನ ತ್ರಾಸು. ಒಂದ ದುಡಿಮಿಗೆ ಎರಡು ಸಲ ತೆರಿಗಿ ಬೀಳಬಾರದಂತ ಭೂತಾನದ ಕೂಡ, ನೇಪಾಳದ ಕೂಡ ನಮ್ಮ ದೇಶದ ಒಪ್ಪಂದ ಐತಿ. ನೀ ವರ್ಷದಾಗ ಎಷ್ಟು ದಿನ ಇಲ್ಲಿದ್ದಿ, ಎಷ್ಟು ದಿನ ಅಲ್ಲಿದ್ದಿ ಅನ್ನೂದರ ಮ್ಯಾಲ ಲೆಕ್ಕ. ಇಲ್ಲಿ ತೆರಿಗಿ ಬಂದ್ರೂ ಅಲ್ಲಿ ಕಟ್ಟಿದ್ದನ್ನ ನಿಯಮದ ಪ್ರಕಾರ ವಜಾ ಹಿಡೀತಾರ. ಆದ್ರ ಪುರಾವೆ ಬೇಕು. ತೆರಿಗಿ ಹಿಡದದ್ದಕ್ಕ ಸರ್ಟಿಫಿಕೇಟ್ ತಗೊಂಡೀಯಿಲ್ಲೋ?"

"ಟ್ರಂಕಿನ್ಯಾಗ ಐತಿ. ಒಗದಬಿಡೂಣು ಅಂತಿದ್ದೆ."

"ಒಗದಗಿಗದಿ ಮತ್ತ!" ಎಂದು ಶಾಹೀನ ಗದರಿದಳು. ಎಲ್ಲರೂ ನಕ್ಕರು, ಗುಡ್ಡಪ್ಪನೊಬ್ಬನನ್ನು ಬಿಟ್ಟು.

"ನೀ ಶಾಣ್ಯಾಕಿ ಇದ್ದಿ, ಖರೆ" ಎಂದ ಅವನು ಕೊನೆಗೆ. "ಆದ್ರ ನಮ್ಮ ಅಪ್ಪ, ಅವರಪ್ಪ, ಯಾರೂ ಖಣಿಯೊಳಗ ಏನೂ ಬಿಟ್ಟು ಬಂದವರಲ್ಲ. ನಾಳೆ ಶಿಗ್ಗಾಂವಿಗೆ ಹೋಗೂದ."

ಶಾಹೀನ ಚೀಲ ಹೆಗಲಿಗೇರಿಸಿ ಎದ್ದಳು. ಹೇಮಾಳ ಮುಖ ಸಣ್ಣದಾಯಿತು. ಹಿರಿಯರ ಮಾತು ಮೀರಿದ ಮನೆಯಲ್ಲ ಅದು.

ಮರುದಿನ ಬೆಳಿಗ್ಗೆ ಹುಲಗೇಶ ಅಂಗಿ ತೊಟ್ಟು ಬರುವಷ್ಟರಲ್ಲಿ ಗುಡ್ಡಪ್ಪ ಹಿತ್ತಲಲ್ಲಿ ಕಲ್ಲಿಗೆ ಕೂತಿದ್ದ. ಹೊಸದಾಗಿ ಕಟ್ಟಿಸುವ ಕೋಣೆಗೆ ಹೊಸ್ತಿಲಾಗಲೆಂದು ತರಿಸಿದ ಕರಿಬಂಡೆ. ಅದರ ಮೈಮೇಲೆ ನೇರ ಸಾಲಿನಲ್ಲಿ ತೂತು ಹೊಡೆದು, ತೂತಿಗೊಂದು ಬೆಣೆ ಇಟ್ಟಿದ್ದ. ಈ ತುದಿಯಿಂದ ಆ ತುದಿಗೆ ಒಂದೊಂದಕ್ಕೂ ಒಂದೊಂದು ಪೆಟ್ಟು. ಆಮೇಲೆ ಮತ್ತೆ ಈ ತುದಿಯಿಂದ. ಅವಸರ ಮಾಡಿದರೆ ಕಲ್ಲು ಅಡ್ಡಾದಿಡ್ಡಿ ಹೋಗುತ್ತದೆ. ಪೆಟ್ಟಿನ ಸದ್ದು ಆಗಲೇ ಬದಲಾಗಿತ್ತು, ಆದರೆ ಬಂಡೆ ಇನ್ನೂ ಬಾಯಿ ಬಿಟ್ಟಿರಲಿಲ್ಲ.

ಹೇಮಾ ಚಹಾ ತಂದು ಕೈಗೆ ಕೊಟ್ಟಳು. ಅಲ್ಲೇ ನಿಂತು, ಏನೂ ಅರಿಯದವಳಂತೆ ಹೇಳಿದಳು.

"ಮಾವಾರ, ಇನ್ನೂ ಒಡೀಲೇ ಇಲ್ಲಲ್ಲರಿ. ಈ ಬೆಣಿ ಎಲ್ಲಾ ಕಿತ್ತು ಚೀಲಕ್ಕ ಹಾಕ್ರಿ. ಬ್ಯಾರೆ ಕಲ್ಲು ತರಿಸಿ ಮೊದಲಿಂದ ಹಚ್ಚಿದ್ರಾತು."

ಗುಡ್ಡಪ್ಪನ ಕಣ್ಣು ಕೆಂಪಾದವು. "ಹುಚ್ಚಿ ಅದೀಯೇನ ನೀ! ಒಳಗ ಆಗಲೇ ಗೆರಿ ಹೊಡದೈತಿ. ಇಷ್ಟೂ ಪೆಟ್ಟು ತಿಂದ ಕಲ್ಲಿದು. ಇನ್ನೊಂದು ಸುತ್ತು ಬಿದ್ರ ಸೀಳತೈತಿ. ಈಗ ಬೆಣಿ ಕೀಳಾವ ಕಲ್ಲಿನವನ ಮಗ..."

ಅವನು ಬಂಡೆಯನ್ನು ನೋಡಿದ. ಬೆಣೆಗಳ ಸಾಲನ್ನು ನೋಡಿದ. ಬಾಗಿಲಲ್ಲಿ ಅಂಗಿ ತೊಟ್ಟು ನಿಂತ ಮಗನನ್ನು ನೋಡಿದ. ಚಹಾದ ಲೋಟ ಕೆಳಗಿಟ್ಟು, ಗಲ್ಲ ತುರಿಸಿಕೊಂಡು, ಸೊಸೆಯ ಕಡೆ ಬೆರಳು ತೋರಿಸಿದ.

"ಈಕಿ ನನಗ ಕಲ್ಲಿನ ಪಾಠ ಹೇಳಾಕತ್ತಾಳ ನೋಡ್ರೆಪಾ!"

ಹೇಮಾ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಗುಡ್ಡಪ್ಪನಿಗೂ ನಗು ತಡೆಯಲಾಗಲಿಲ್ಲ. ಸೋತದ್ದಕ್ಕೆ ಅವನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ತನ್ನ ಕಸುಬಿನ ಮಾತಿನಲ್ಲೇ ತನ್ನನ್ನು ಸೋಲಿಸುವ ಸೊಸೆ ಈ ಮನೆಯಲ್ಲಿದ್ದಾಳಲ್ಲ ಎಂದು ಒಳಗೊಳಗೇ ಎದೆಯುಬ್ಬಿತು.

"ಹುಲಗ್ಯಾ, ಅಂಗಿ ತಗಿ. ಶಿಗ್ಗಾಂವಿಗೆ ಹೋಗೂದಿಲ್ಲ. ಆ ಶಾಹೀನವ್ವಗ ಫೋನು ಹಚ್ಚು. ಹಳೇದು ಹೊಸದಕ್ಕ ಕೂಡಸೂದು ಹೆಂಗ ಅಂತ ಕೇಳು. ಆ ಸರ್ಟಿಫಿಕೇಟೂ ತೋರಿಸು."

ಕೊನೆಯ ಸುತ್ತು ಹೊಡೆಯಲು ಸುತ್ತಿಗೆ ಎತ್ತಿದವನು, ಏನನ್ನಿಸಿತೋ, ಕೆಳಗಿಟ್ಟ. "ಇದು ಹಿಂಗ ಇರಲಿ. ಬೆಣಿ ಕಲ್ಲಿನ್ಯಾಗ ಇರಲಿ. ನಿನ್ನ ಹತ್ತು ವರ್ಷ ತುಂಬಿದ ಮ್ಯಾಲ ಬಂದು ಕಡೀ ಪೆಟ್ಟು ನೀನ ಹೊಡಿ."

ಹೀಗೆ, ಬೆಣೆ ಬಿಟ್ಟು ಬರಬಾರದೆಂದ ಮನುಷ್ಯ ತನ್ನ ಹಿತ್ತಲಿನಲ್ಲೇ ಒಂದು ಸಾಲು ಬೆಣೆ ಬಿಟ್ಟ. ಓಣಿಯವರು, "ಏನ ಗುಡ್ಡಪ್ಪಾ, ಕೈ ಸೋತ್ವೇನು?" ಎಂದು ಕಾಡಿದರು. "ಕಲ್ಲಿಗೂ ಹೊತ್ತು ಬೇಕ್ರಪಾ" ಎಂದು ಮೀಸೆಯಲ್ಲೇ ನಗುತ್ತಿದ್ದ.

ವರ್ಷ ಉರುಳಿತು. ಮಳೆ ಬಿತ್ತು, ಬೆಣೆಗಳಿಗೆ ತುಕ್ಕು ಹಿಡಿಯಿತು. ಹುಲಗೇಶ ನೇಪಾಳದಿಂದ ರಜೆಗೆ ಬಂದ. ಹಳೆಯ ಸೇವೆ ಹೊಸದಕ್ಕೆ ಕೂಡಿ ಹತ್ತು ತುಂಬಿತ್ತು. ಚೀಲ ಇಳಿಸಿದವನು ನೇರ ಹಿತ್ತಲಿಗೆ ಹೋದ. ಸಾಲಿಗೆ ಒಂದೊಂದೇ ಪೆಟ್ಟು ಹಾಕುತ್ತ ಬಂದ. ಕೊನೆಯ ಬೆಣೆಗೆ ಸುತ್ತಿಗೆ ಬಿದ್ದಾಗ ಬಂಡೆ ಹೊಲಿಗೆ ಬಿಚ್ಚಿದಂತೆ ಎರಡಾಯಿತು. ಗುಡ್ಡಪ್ಪ ಬಗ್ಗಿ ಆ ನುಣುಪಾದ ಮೈಮೇಲೆ ಅಂಗೈ ಆಡಿಸಿದ. ಅವನ ಕಣ್ಣಲ್ಲಿ ನೀರು ನಿಂತಿತು.

"ನಮ್ಮ ಮನಿತನದಾಗ ಎಲ್ಲಾರೂ ಕೈಯಾಗ ಸುತ್ತಿಗಿ ಹಿಡಕೊಂಡ ಮುದುಕರಾದ್ವಿ" ಎಂದ. "ಸುತ್ತಿಗಿ ಕೆಳಗಿಟ್ಟು ಕುಂತು ಉಣ್ಣಾವ ಇವನ ಮೊದಲಿಗ."

ಆ ಕಲ್ಲು ಈಗ ಹೊಸ ಕೋಣೆಯ ಹೊಸ್ತಿಲಾಗಿದೆ.

ಓದುವ ಅಣ್ಣಂದಿರೇ, ಕೇಳುವ ಅಕ್ಕಂದಿರೇ, ನಿಮ್ಮ ಮನೆಯಿಂದಲೂ ಯಾರಾದರೂ ಭೂತಾನಕ್ಕೋ ನೇಪಾಳಕ್ಕೋ ದುಡಿಯಲು ಹೋಗಿದ್ದಾರೆಯೇ? ನಮ್ಮ ದೇಶದ ಕಂಪನಿ ಪಿಎಫ್ ಕಟ್ಟುತ್ತಿದ್ದರೆ, ಕೆಲಸ ಬದಲಾದಾಗ ಖಾತೆ ಮುರಿಸಬೇಡಿ. ಹಳೆಯ ಯುಎಎನ್ ನಂಬರನ್ನೇ ಹೊಸ ಕಂಪನಿಗೆ ಕೊಡಿ, ವಾರಸುದಾರರ ಹೆಸರು ಸೇರಿಸಿ. ಅಲ್ಲಿಯದೇ ಕಂಪನಿಗೆ ಸೇರಿದ್ದರೆ ಆ ದೇಶದ ಉಳಿತಾಯದ ನಿಯಮ ಬೇರೆ. ಊರಿಗೆ ಹೊರಡುವ ಮುನ್ನ ಅಲ್ಲೇ ಕೇಳಿ ತಿಳಿದುಕೊಳ್ಳಿ. ತೆರಿಗೆ ಹಿಡಿದಿದ್ದರೆ ಸರ್ಟಿಫಿಕೇಟ್ ಇಲ್ಲದೆ ಗಡಿ ದಾಟಬೇಡಿ, ಇಲ್ಲಿ ಗಳಿಕೆ ಮುಚ್ಚಿಡಬೇಡಿ. ನಿಮ್ಮೂರಿನ ಹೋಟೆಲಿನಲ್ಲಿ, ಕಾರ್ಖಾನೆಯಲ್ಲಿ ದುಡಿಯುವ ನೇಪಾಳದ ತಮ್ಮನಿಗೂ ಈ ಮಾತು ಮುಟ್ಟಿಸಿ. ಪಿಎಫ್ ಇರುವ ಕೆಲಸವಾದರೆ ಅವನಿಗೂ ನಮ್ಮವರಂತೆಯೇ ಹಕ್ಕಿದೆ. ನಿಯಮಗಳು ಆಗಾಗ ಬದಲಾಗುತ್ತವೆ. ಆದ್ದರಿಂದ ಅಂಗಡಿಯವನ ಮಾತಿಗೆ ಸಹಿ ಹಾಕದೆ ಭವಿಷ್ಯನಿಧಿ ಕಚೇರಿಯಲ್ಲಿ ವಿಚಾರಿಸಿ.

ಗಡಿಯಾಚೆ ಗುಡ್ಡ ಸೀಳಿ ಬಂದ ಕೈಗಳು ನಿಮ್ಮವು. ಮುಪ್ಪಿನಲ್ಲಿ ಆ ಕೈ ಯಾರ ಮುಂದೆಯೂ ಚಾಚದಿರಲಿ. ಬೆಣೆ ಕೀಳಬೇಡಿ, ಕಲ್ಲು ಸೀಳುವ ಹೊತ್ತು ಬಂದೇ ಬರುತ್ತದೆ.