ಟ್ರೇಯಲ್ಲಿ ಬಂಗಡೆ

ಏಳು ವರ್ಷದ ಹಿಂದೆ ಬಿ.ಎಸ್ಸಿ. ಕೊನೇ ಸೆಮಿಸ್ಟರಿನಲ್ಲಿ ನಾನು ಕಾಲೇಜು ಬಿಟ್ಟಾಗ ಯಾರೂ ಅಳಲಿಲ್ಲ. ಈ ವರ್ಷ ವಾಪಸು ಹೋದಾಗ ನಾನೇ ಅಳುವ ಹಾಗಾಯಿತು.

ನಡುವೆ ಮಲ್ಪೆಯಲ್ಲಿ ಬೋಟಿಗೆ ಹೋದೆ, ರತ್ನಾಗಿರಿಯಲ್ಲಿ ಐಸು ಒಡೆದೆ, ಕೊನೆಗೆ ಗುಜರಾತಿನ ವೆರಾವಲ್‌ನಲ್ಲಿ ಮೀನಿನ ಕಂಪನಿಯೊಂದರಲ್ಲಿ ಕತ್ತಿ ಹಿಡಿದು ನಾಲ್ಕು ವರ್ಷ ನಿಂತೆ. ಐಸು ನೀರಿನಲ್ಲಿ ಬೆರಳ ತುದಿಗಳು ಜೋಮು ಹಿಡಿದದ್ದು ಇನ್ನೂ ಬಿಟ್ಟಿಲ್ಲ. ಹಳೇ ವಿದ್ಯಾರ್ಥಿಗಳಿಗೆ ಇದೊಂದೇ ಅವಕಾಶ, ಇದೇ ಕೊನೆ ಎಂದು ವಿಶ್ವವಿದ್ಯಾಲಯ ಹೇಳಿದಾಗ ಓಡಿ ಬಂದು ಹೊನ್ನಾವರದ ಕಾಲೇಜಿನ ಬೆಂಚಿನಲ್ಲಿ ಕೂತೆ. ಪಕ್ಕದ ಹುಡುಗರು ಮೊದಲ ವಾರ "ಸರ್" ಎಂದರು, ಎರಡನೇ ವಾರ "ಅಂಕಲ್" ಎಂದರು. ಅದು ಬಡ್ತಿಯೋ ಹಿಂಬಡ್ತಿಯೋ ತಿಳಿಯಲಿಲ್ಲ.

ಥಿಯರಿ ಹೇಗೋ ದಾಟಿದೆ. ಉಳಿದದ್ದು ಪ್ರಾಣಿಶಾಸ್ತ್ರದ ಪ್ರಾಕ್ಟಿಕಲ್. ಪ್ರಾಣ ಮಾತ್ರ ನನ್ನದು. ನಲವತ್ತಕ್ಕೆ ಹದಿನಾರು ಬೇಕು. ಹದಿನೈದು ಬಂದರೆ ಡಿಗ್ರಿ ಇಲ್ಲ, ಮತ್ತೆ ವೆರಾವಲ್ ರೈಲು.

ತೆಂಗಿನಗುಂಡಿಯ ಮನೆಯಲ್ಲಿ ಆ ಬೆಳಿಗ್ಗೆ ಗಂಜಿ ಬಟ್ಟಲಲ್ಲೇ ಆರಿತು.

"ಎಂತಕೆ ಹೆದರ್ತೆ ಮಗಾ? ಎಂತ ಪರೀಕ್ಷೆ ಇವತ್ತು?" ಅಮ್ಮ ಕೇಳಿದಳು.

"ಮೀನು ಕೊಯ್ಯೂದು."

ಅಮ್ಮ ಮೀನು ಮಾರಿಯೇ ನನ್ನನ್ನು ಬೆಳೆಸಿದವಳು. "ಅಷ್ಟೇಯಾ? ನನ್ನ ಕಳ್ಸು. ಹತ್ತು ನಿಮಿಷಕ್ಕೆ ಬುಟ್ಟಿ ಖಾಲಿ ಮಾಡಿ ಬರ್ತೆ."

"ಅಲ್ಲಮ್ಮ, ಅಲ್ಲಿ ಕೊಯ್ದು ತೋರ್ಸೂದು. ಎಂತದೂ ಕೀಳೂಕಿಲ್ಲ. ಒಳಗಿದ್ದದ್ದು ಇದ್ದಲ್ಲೇ ಇರ್ಬೇಕು."

"ಕೀಳದೆ ಕೊಯ್ದ್ರೆ ತಿಂಬೂದು ಹೆಂಗಾ?"

ಬಸ್ಸು ಮಂಕಿ ದಾಟುವಷ್ಟರಲ್ಲಿ ಜೇಬಿನ ಹಾಲ್ ಟಿಕೆಟ್ಟನ್ನು ಮುಟ್ಟಿ ಮುಟ್ಟಿ, ಬೆವರಿನಲ್ಲಿ ನೆನೆಸಿ, ಅಕ್ಷರಶಃ ಹಾಳು ಟಿಕೆಟ್ಟು ಮಾಡಿದ್ದೆ.

ಲ್ಯಾಬಿನಲ್ಲಿ ಇಬ್ಬರು ಪರೀಕ್ಷಕರು. ಹೊರಗಿನಿಂದ ಬಂದವರು ಧಾರವಾಡ ಕಡೆಯ ವಿಶ್ವನಾಥ ಸರ್. ಒಂದು ಮಾತು, ಒಂದು ಕೆಮ್ಮು, ಮತ್ತೊಂದು ಮಾತು. ಒಳಗಿನವಳು ಚಂದನಾ. ಏಳು ವರ್ಷದ ಹಿಂದೆ ನನ್ನ ಸಹಪಾಠಿಯಾಗಿದ್ದು, ನನ್ನ ರೆಕಾರ್ಡ್ ಪುಸ್ತಕಕ್ಕೆ ಕಪ್ಪೆಯ ಚಿತ್ರ ಬರೆದುಕೊಟ್ಟ ಅದೇ ಚಂದನಾ. ಈಗ ಅವಳು ಮೇಡಂ.

"ನಿಮ್ಮ ನಂಬರ್ ಹೇಳಿ," ಅಂದಳು. ಆ "ನಿಮ್ಮ" ಕೇಳಿ ನನ್ನ ನಂಬರೇ ಮರೆತು, ಹಾಳು ಟಿಕೆಟ್ಟಿನಲ್ಲಿ ಹುಡುಕಿ ಓದಿದೆ.

ರೆಕಾರ್ಡು, ಸ್ಲೈಡು, ಮೌಖಿಕ ಮುಗಿದವು. ಮೌಖಿಕದಲ್ಲಿ ನಾನು ಹೆಚ್ಚಾಗಿ ಮೂಕನೇ. ಎಲ್ಲ ಸೇರಿ ಒಂಬತ್ತು ಬಂದಿರಬಹುದು. ಉಳಿದ ಏಳು ಮೀನಿನಿಂದಲೇ ಬರಬೇಕು. ಟ್ರೇಯಲ್ಲಿ ಬಂಗಡೆ, ಪಕ್ಕದಲ್ಲಿ ಚೀಟಿ: ಕಿವಿರು, ಹೃದಯ, ಪಿತ್ತಕೋಶ, ಜಠರ, ಕರುಳು ಇದ್ದಲ್ಲೇ ಬಿಡಿಸಿ ತೋರಿಸಿ. ಹದಿನೈದು ಅಂಕ.

ಕತ್ತರಿ ಹಿಡಿದೆ. ಮೀನಿನ ಕಣ್ಣು ನನ್ನನ್ನೇ ನೋಡುತ್ತಿತ್ತು. ಹತ್ತು ನಿಮಿಷ ಹಾಗೇ ಹೋಯಿತು. ಆಗ ಬೆನ್ನ ಹಿಂದೆ ಕೆಮ್ಮು.

"ಲಗೂ ಮಾಡ್ರಿ! ಟೈಮ್ ಇಲ್ಲ. ಲಗೂ, ಲಗೂ!"

ವೆರಾವಲ್‌ನ ಮೇಸ್ತ್ರಿ ದಿನಕ್ಕೆ ಸಾವಿರ ಸಲ "ಜಲ್ದಿ, ಜಲ್ದಿ" ಎಂದು ಕೂಗುತ್ತಿದ್ದುದು ಇದೇ ತಾಳದಲ್ಲಿ. ತಲೆಯೊಳಗೆ ಹೆದರಿಕೆ ತುಂಬಿ ಬೇರೇನೂ ಇರಲಿಲ್ಲ. ಕೈ ತನಗೆ ಗೊತ್ತಿದ್ದನ್ನು ಮಾಡಿಬಿಟ್ಟಿತು. ರೆಕ್ಕೆ ಹೋಯಿತು, ಬಾಲ ಹೋಯಿತು. ಎರಡು ಬೆರಳು ಕಿವಿರಿನೊಳಗೆ, ಒಂದು ತಿರುವು, ಒಂದು ಎಳೆತ. ನೀರಲ್ಲಿ ಅದ್ದಿ ತೆಗೆದು, ಮಸಾಲೆ ಹಿಡಿಯಲೆಂದು ಎರಡೂ ಮಗ್ಗುಲಿಗೆ ಮೂರು ಮೂರು ಗೀರು ಎಳೆದು, ಟ್ರೇಯಲ್ಲಿಟ್ಟು, ಮುಂದಿನ ಮೀನಿಗೆ ಕೈ ಚಾಚಿದೆ.

ಮುಂದಿನ ಮೀನು ಇರಲಿಲ್ಲ.

ತೋರಿಸಬೇಕಾದದ್ದೆಲ್ಲ ಬೇಸಿನ್ನಿನ ಕಸದಲ್ಲಿ ಬಿದ್ದಿತ್ತು. ಚಂದನಾ ಹತ್ತಿರ ಬಂದು, ಮೇಡಂ ಆಗಿರುವುದನ್ನು ಮರೆತು ಪಿಸುಗುಟ್ಟಿದಳು: "ಎಂತ ಮಾಡ್ಬಿಟ್ಯಾ ಮಾರಾಯಾ!"

ವಿಶ್ವನಾಥ ಸರ್ ಟ್ರೇ ನೋಡಿದರು, ನನ್ನನ್ನು ನೋಡಿದರು. "ಏನ್ರೀ ಇದು? ಪ್ರಾಕ್ಟಿಕಲ್ಲೋ, ಅಡಿಗಿಮನಿಯೋ? ಎಲ್ಲಿ ಕಲ್ತ್ರಿ ಇದನ್ನ?"

"ವೆರಾವಲ್, ಸರ್."

"ಅದು ಯಾವ ಯೂನಿವರ್ಸಿಟಿಗೆ ಬರ್ತೈತಿ?"

ಯಾರೋ ಕಿಸಕ್ಕೆಂದರು. ನನಗೆ ನಗು ಬರಲಿಲ್ಲ. ಸರ್ ಪೆನ್ನಿನ ಕ್ಯಾಪು ತೆಗೆಯುತ್ತಿದ್ದರು. ಆ ಪೆನ್ನು ಸೊನ್ನೆ ಬರೆದರೆ ಮುಗಿಯಿತು.

"ಸರ್, ಒಂದ್ನಿಮಿಷ," ಅಂದೆ. "ಎಂತದೂ ಹರಿಲಿಲ್ಲ. ಹೀಂಗೆ ಎಳೆದ್ರೆ ಎಲ್ಲ ಒಟ್ಟಿಗೇ ಬರ್ತದೆ. ಜೋಡ್ಸಿ ತೋರಿಸ್ಲಾ?"

ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಕೆಮ್ಮಿದರು. ಅದನ್ನೇ ಒಪ್ಪಿಗೆ ಎಂದುಕೊಂಡು ಬೇಸಿನ್ನಿಗೆ ಕೈ ಹಾಕಿದೆ. ಕಿವಿರಿನಿಂದ ಕರುಳಿನ ತನಕದ ಸರ ಕಡಿದಿರಲಿಲ್ಲ. ಮೀನಿನ ಪಕ್ಕದಲ್ಲಿ ತಲೆಯಿಂದ ಬಾಲದ ಕಡೆಗೆ, ಒಳಗೆ ಹೇಗಿತ್ತೋ ಹಾಗೆ, ಉದ್ದಕ್ಕೆ ಬಿಡಿಸಿದೆ. ಅಲುಗದಂತೆ ಸೂಜಿ ಚುಚ್ಚುವಾಗ ಎರಡು ಸಲ ನನ್ನ ಬೆರಳಿಗೇ ಚುಚ್ಚಿತು. ನೋವಾಗಲಿಲ್ಲ.

"ಕಿವಿರು ಎಷ್ಟು ಜೋಡಿ?"

"ನಾಲ್ಕು, ಸರ್."

"ಪಿತ್ತಕೋಶ?"

"ಇದು. ಒಡೆದ್ರೆ ಮೀನೆಲ್ಲ ಕಹಿ. ನಾವು ಒಡೆಯೂದಿಲ್ಲ."

"ಜಠರ? ಕರುಳು?"

ತೋರಿಸಿದೆ.

"ಹೃದಯ ಎಲ್ರೀ?"

ಸರದಲ್ಲಿ ಹುಡುಕಿದೆ. ಇಲ್ಲ. ಬೇಸಿನ್ನಿನಲ್ಲಿ ಹುಡುಕಿದೆ. ಇಲ್ಲ. ಸ್ವಂತದ್ದು ಕಿವಿಯಲ್ಲೇ ಬಡಿಯುತ್ತಿತ್ತು. ಬಂಗಡೆಯದ್ದು ಮಾತ್ರ ಕಾಣೆ. ಚಂದನಾ ಕಿಟಕಿಯ ಕಡೆ ತಿರುಗಿದಳು. ಸರ್ ಗಡಿಯಾರ ನೋಡಿಕೊಂಡರು.

ವೆರಾವಲ್‌ನಲ್ಲಿ ಅವಸರಕ್ಕೆ ಎಳೆದ ಮೀನಿನಲ್ಲಿ ಒಂದು ಕೆಂಪು ಚೂರು ಉಳಿದಿದ್ದರೆ ಮೇಸ್ತ್ರಿ ಇಡೀ ಕ್ರೇಟು ವಾಪಸು ತಳ್ಳುತ್ತಿದ್ದ. ಅವನು ಬೈಯುತ್ತ ಬೆರಳಿಟ್ಟು ತೋರಿಸುತ್ತಿದ್ದ ಜಾಗ ಯಾವುದು? ಚಿಮಟದಿಂದ ಮೀನಿನ ಗಂಟಲ ಕೆಳಗಿನ ಚರ್ಮ ಮೆಲ್ಲಗೆ ಸರಿಸಿದೆ. ಕಡಲೆಕಾಳಿಗಿಂತ ಚಿಕ್ಕದು, ಕಡುಗೆಂಪು.

"ಇದ್ದಲ್ಲೇ ಇದೆ, ಸರ್."

ವಿಶ್ವನಾಥ ಸರ್ ಕನ್ನಡಕ ಹಣೆಗೇರಿಸಿ, ಮೂಗು ಮೀನಿಗೆ ತಾಗುವಷ್ಟು ಬಗ್ಗಿದರು. ಈ ಸಲ ಕೆಮ್ಮಲಿಲ್ಲ.

"ಐದರಾಗ ಒಂದಾದ್ರೂ ಇದ್ದಲ್ಲೇ ಉಳಿಸೀರಲ್ಲ," ಅಂದರು. ಅಂಕದ ಹಾಳೆಯಲ್ಲಿ ಹದಿನೈದು ಎಂದಿದ್ದಲ್ಲಿ ಗೆರೆ ಎಳೆದು, ಮೇಲೆ ಎಂಟು ಬರೆದು ಚಂದನಾಳ ಕಡೆ ತಳ್ಳಿದರು. "ಕೂಡಿಸ್ರಿ, ಮೇಡಂ."

ಅವಳು ಕೂಡಿಸಿದಳು. ಇನ್ನೊಮ್ಮೆ ಕೂಡಿಸಿದಳು. ನನ್ನ ಲೆಕ್ಕ ಒಂದು ಹೆಚ್ಚಿತ್ತಂತೆ. ಮೊದಲಿನದ್ದು ಒಂಬತ್ತಲ್ಲ, ಎಂಟು.

"ಹದಿನಾರು, ಸರ್," ಎಂದು, ಹಾಳೆ ನನ್ನ ಕಡೆ ತಿರುಗಿಸಿದಳು. "ಸಹಿ ಮಾಡಿ, ಉಮೇಶ್."

ಸಹಿ ನೆಟ್ಟಗೆ ಬರಲಿಲ್ಲ. ಹೆಬ್ಬೆರಳಿಗೆ ಅಂಟಿದ್ದ ಮೀನಿನ ಒಂದು ಹುರುಪೆ ಹಾಳೆಗೆ ಅಂಟಿಕೊಂಡು, ಹದಿನಾರರ ಪಕ್ಕದಲ್ಲೇ ಹೊಳೆಯಿತು. ಚಂದನಾ ಅದನ್ನು ಒರೆಸದೆ ಹಾಳೆಯನ್ನು ಕಟ್ಟಿನೊಳಗೆ ಸೇರಿಸಿದಳು.