ಪೀಠದ ಮೇಲಿನ ಬಿಳಿ ಹೂವು

ಬೆಳಗಿನಿಂದ ರೊವೀನಾ ಆ ಫೋನನ್ನು ಎಷ್ಟು ಸಲ ಎತ್ತಿ ನೋಡಿದಳೋ ಲೆಕ್ಕವಿಲ್ಲ. ಒಲೆಯ ಪಕ್ಕ ಇಟ್ಟಳು, ಕೆಟಲಿನ ಸದ್ದಿಗೆ ಕೇಳಿಸಲಿಕ್ಕಿಲ್ಲ ಅನ್ನಿಸಿತು. ಕಿಟಕಿಯ ಕಟ್ಟೆಯ ಮೇಲಿಟ್ಟಳು, ಅಲ್ಲಿ ಸಿಗ್ನಲ್ ಬಂದ ಹಾಗೆ ಮಾಡಿ ಹೋಗಿಬಿಡುತ್ತಿತ್ತು. ಕೊನೆಗೆ ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಓಡಾಡಿದಳು. ಮಗಳು ಎಲೊವೆನ್‌ಗೆ ನಸುಕಿನಲ್ಲೇ ಹೆರಿಗೆ ನೋವು ಶುರುವಾಗಿ ಟ್ರೂರೋದ ಆಸ್ಪತ್ರೆಗೆ ಕರೆದೊಯ್ದಿದ್ದರು. ಹೋದ ವರ್ಷ ಐದನೇ ತಿಂಗಳಿಗೇ ಒಂದು ಕೂಸು ಕೈತಪ್ಪಿ ಹೋಗಿತ್ತು. ಅದರ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ಮಗಳ ಹತ್ತಿರ ಇರಬೇಕಾದವಳು ತಾಯಿ. ಆದರೆ ಹೋದವನು ತಂದೆ ಡೆನ್ಜಿಲ್. ಯಾಕೆಂದರೆ ಅವನ ಅಮ್ಮ ಲವ್‌ಡೇ, ಎಂಬತ್ತಮೂರರ ಮುದುಕಿ, ಕ್ರಿಸ್‌ಮಸ್‌ಗೆ ಸೊಂಟ ಮುರಿದುಕೊಂಡು ಇವರ ಮುಂದಿನ ಕೋಣೆಗೆ ಬಂದು ಕೂತಿದ್ದಳು. ಬಚ್ಚಲಿಗೆ ಕರೆದುಕೊಂಡು ಹೋಗಲು ಸೊಸೆಯೇ ಆಗಬೇಕು, ಮಗ ಮುಟ್ಟಕೂಡದು! "ಅಮ್ಮನ್ನ ಒಬ್ಬಳೇ ಬಿಡೋಕಾಗಲ್ಲ, ರೋ," ಅಂದು ಡೆನ್ಜಿಲ್ ಕಾರು ಹತ್ತಿದ್ದ. ರೊವೀನಾ ಬಾಗಿಲು ದಡಾರನೆ ಹಾಕಿಕೊಂಡಳು. ಮುದುಕಿಯನ್ನು ಮನಸ್ಸಿನಲ್ಲೇ ಶಪಿಸುತ್ತಾ ಅಡುಗೆಮನೆಗೆ ನಡೆದಳು.

ಕೈಗೆ ಏನಾದರೂ ಕೆಲಸ ಬೇಕಿತ್ತು, ಇಲ್ಲದಿದ್ದರೆ ತಲೆ ಕೆಡುತ್ತಿತ್ತು. ಅವತ್ತು ಹಗಲು ರಾತ್ರಿ ಸರಿಸಮವಾಗುವ ದಿನ, ಮಾರ್ಚ್ ಇಪ್ಪತ್ತು. ಪೆನ್‌ಜಾನ್ಸಿನ ಪೇಗನ್ ಕೂಟಕ್ಕೆ, ಅಂದರೆ ಋತುಗಳನ್ನೂ ಪ್ರಕೃತಿಯನ್ನೂ ಪೂಜಿಸುವವರ ಕೂಟಕ್ಕೆ, ಅವಳು ಹೋಗಲು ಶುರುಮಾಡಿ ಎರಡು ವರ್ಷವಾಗಿತ್ತು. ಕೂಟದ ಹಿರಿಯಳು ಗ್ವೆಂಡಾ, ಬಸ್ಸು ಓಡಿಸಿ ನಿವೃತ್ತಳಾದ ಹೆಂಗಸು, ಹೋದ ವಾರವಷ್ಟೇ ಹೇಳಿದ್ದಳು: "ಆಡಂಬರ ಏನೂ ಬೇಡಮ್ಮ. ಪೂರ್ವಕ್ಕೊಂದು ಮೇಜು ಹಾಕು, ಅದೇ ಪೀಠ. ಮೊಟ್ಟೆ, ಮಣ್ಣು, ನೀರು, ಮೇಣದಬತ್ತಿ ಇಡು. ಬೇಲೀಲಿ ಮೊದಲು ಏನು ಅರಳಿದೆಯೋ ಅದನ್ನಿಡು. ಮಧ್ಯಾಹ್ನ ಎರಡೂ ಮುಕ್ಕಾಲು, ಅದೇ ಹಗಲು ರಾತ್ರಿ ಸಮವಾಗೋ ಗಳಿಗೆ. ಆಗ ಸರಿಯಾಗಿ ಬತ್ತಿ ಹಚ್ಚಿ, ಮನಸಲ್ಲಿರೋದನ್ನ ಕೇಳ್ಕೋ."

ಕೇಳಿಕೊಳ್ಳಬೇಕಾದದ್ದು ಒಂದೇ ಒಂದು. ಆದರೆ ಹಾಳಾದ್ದು, ಆ ಮನೆಗೆ ಪೂರ್ವದ ಕಿಟಕಿ ಇದ್ದದ್ದೂ ಒಂದೇ. ಅದರ ಪಕ್ಕದ ಕುರ್ಚಿಯಲ್ಲಿ, ಚಾಪೆಲ್ಲಿನ ಕಟ್ಟಾ ಕ್ರೈಸ್ತಳಾದ ಲವ್‌ಡೇ ಕೂತಿದ್ದಳು.

"ಏನೇ, ನನ್ನ ಹೊಲಿಗೆ ಮೇಜು ಎಲ್ಲಿಗೆ ಎಳೀತಿದೀಯಾ?"

"ಇಲ್ಲೇ ಕಿಟಕಿ ಹತ್ತಿರಕ್ಕೆ, ಅತ್ತೆ."

"ಯಾಕೆ, ಸೈತಾನನಿಗೆ ಊಟ ಬಡಿಸೋದಕ್ಕಾ?"

"ಸೈತಾನ ನಮ್ಮ ಕಡೆಯೋನಲ್ಲ ಅತ್ತೆ. ನಿಮ್ಮ ಚಾಪೆಲ್‌ನೋನು. ನಮಗೆ ಅವನ ಪರಿಚಯವೇ ಇಲ್ಲ."

ಲವ್‌ಡೇ ಮೂಗು ಮುರಿದಳು. ರೊವೀನಾ ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿದಳು, ಕಿತ್ತು ಮತ್ತೆ ಹಾಸಿದಳು. ಈರುಳ್ಳಿ ಸಿಪ್ಪೆಯಲ್ಲಿ ಬೇಯಿಸಿ ಕೆಂಪಾಗಿಸಿದ ಆರು ಮೊಟ್ಟೆ ತಂದಿಟ್ಟಳು. ಮಣ್ಣಿನ ಕುಂಡದಲ್ಲಿ ಬಟಾಣಿ ಬೀಜ, ಬಟ್ಟಲಲ್ಲಿ ಮ್ಯಾಡ್ರನ್ನಿನ ಪವಿತ್ರ ಬಾವಿಯ ನೀರು, ಅಂಗಳದಲ್ಲಿ ಸಿಕ್ಕ ಗರಿ, ಮೇಣದಬತ್ತಿ, ಬೆಂಕಿಪೆಟ್ಟಿಗೆ. ಒಂದನ್ನಿಟ್ಟು ಇನ್ನೊಂದನ್ನು ಸರಿಸಿ ಮತ್ತೆ ಫೋನ್ ನೋಡಿದಳು.

"ತಿನ್ನೋ ಮೊಟ್ಟೆಗೆ ಬಣ್ಣ ಹಚ್ಚಿ ಕೂರಿಸೋದು! ಕಾಲ ಕೆಟ್ಟೋಯ್ತು. ಕೇಸರಿ ಬನ್ ಉಳಿದಿದೆಯಾ?"

"ತರ್ತೀನಿ."

"ಬೆಣ್ಣೆ ಜಾಸ್ತಿ ಹಚ್ಚು. ನೀನು ಹಚ್ಚೋದು ಕಣ್ಣಿಗೇ ಕಾಣಲ್ಲ."

ಬೆಣ್ಣೆ ಹಚ್ಚುವಾಗ ಫೋನ್ ಹೊಡೆದುಕೊಂಡಿತು. ಗಂಟೆ ಎರಡು. ಡೆನ್ಜಿಲ್ ಧ್ವನಿ ಅವನದೇ ಅನ್ನಿಸಲಿಲ್ಲ. "ಮಗುವಿನ ಎದೆಬಡಿತ ಇಳೀತಾ ಇದೆಯಂತೆ, ರೋ. ಡಾಕ್ಟರು ಓಡಿ ಬಂದ್ರು. ಜಾಗೋನ್ನೂ ಹೊರಗೆ ಕಳಿಸಿದಾರೆ. ಗೊತ್ತಾದ ತಕ್ಷಣ ಮಾಡ್ತೀನಿ." ಜಾಗೋ ಅಂದರೆ ಎಲೊವೆನ್ ಗಂಡ. ರೊವೀನಾ ಏನೋ ಕೇಳುವಷ್ಟರಲ್ಲಿ ಫೋನ್ ಕಟ್ಟಾಯಿತು.

ಮುಂದಿನ ಕೋಣೆಗೆ ಓಡಿದಳು. ವಿಷಯ ಹೇಳುತ್ತಾ ಬನ್ನನ್ನು ಅತ್ತೆಯ ಮಡಿಲಿಗೆ ಹೆಚ್ಚುಕಡಿಮೆ ಎಸೆದೇಬಿಟ್ಟಳು. ಮುದುಕಿ ಬನ್ನು ಪಕ್ಕಕ್ಕಿಟ್ಟು ಕಣ್ಣು ಮುಚ್ಚಿ ಪ್ರಾರ್ಥನೆಗೆ ಕೂತಳು. ರೊವೀನಾಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಪೀಠಕ್ಕೆ ಹೂವೊಂದು ಬಾಕಿ ಇತ್ತು. ಕತ್ತರಿ ತೆಗೆದುಕೊಂಡು ಮನೆ ಮುಂದಿನ ಓಣಿಗೆ ಓಡಿದಳು. ತಿರುವಿನ ಬೇಲಿಯಲ್ಲಿ ಬಿಳಿ ಹೂವು ಕಿಕ್ಕಿರಿದಿತ್ತು. ಕಾಡು ಪ್ಲಮ್, ಎಲ್ಲಕ್ಕಿಂತ ಮೊದಲು ಅರಳೋದು ಅದೇ, ಅಂದುಕೊಂಡು ಮೊಳದುದ್ದದ ಕೊಂಬೆ ಕತ್ತರಿಸಿದಳು. ಅಂಗೈಗೆ ಮುಳ್ಳು ಚುಚ್ಚಿ ರಕ್ತ ಬಂತು. ಅವಳ ಗಮನವೆಲ್ಲ ಜೇಬಿನ ಫೋನಿನ ಮೇಲಿತ್ತು, ಮುಳ್ಳು ಯಾಕೆ ಅಂತ ಯೋಚಿಸಲಿಲ್ಲ.

ಹೂಜಿಯಲ್ಲಿಟ್ಟು ಪೀಠದ ನಡುವೆ ನಿಲ್ಲಿಸಿದಾಗ ಗಂಟೆ ಎರಡೂ ಇಪ್ಪತ್ತು. ಲವ್‌ಡೇ ಕಣ್ಣು ಬಿಟ್ಟಳು. ಬೈಗುಳ ಬರುತ್ತದೆ ಅಂತ ರೊವೀನಾ ಹಲ್ಲು ಕಚ್ಚಿ ನಿಂತಳು. ಬೈಗುಳ ಬರಲಿಲ್ಲ.

"ಅದನ್ನ ಎಲ್ಲಿಂದ ತಂದೆ?" ಮುದುಕಿ ಕುರ್ಚಿಯ ಬೆನ್ನಿಗೆ ಒತ್ತಿಕೊಂಡಳು.

"ಓಣಿಯಿಂದ, ಅತ್ತೆ. ಕಾಡು ಪ್ಲಮ್."

"ಪ್ಲಮ್ಮಾ? ಪ್ಲಮ್ಮಿಗೆ ಹೂವಿನ ಜೊತೆಗೇ ಎಲೆ ಬರುತ್ತೆ, ಎಲ್ಲಿದೆ ತೋರಿಸು! ಕರೀ ಕಡ್ಡಿ, ಮೈತುಂಬ ಮುಳ್ಳು, ಎಲೆ ಒಂದೂ ಇಲ್ಲ. ಅಯ್ಯೋ ಪೇಟೆಯವಳೇ, ಕರಿಮುಳ್ಳು ಕಣೇ ಅದು! ಅದು ಒಳಗೆ ಬಂದ ಮನೇಲಿ ಸಾವಾಗುತ್ತೆ. ಆರು ವರ್ಷದೋಳಿದ್ದಾಗ ಒಂದು ಕಡ್ಡಿ ತಂದಿದ್ದಕ್ಕೆ ನಮ್ಮಮ್ಮ ಬಾಸುಂಡೆ ಬರೋ ಹಾಗೆ ಬಾರಿಸಿದ್ಲು. ಇವತ್ತೇ ಸಿಕ್ಕಿತಾ ನಿಂಗೆ, ಇವತ್ತೇ!"

ಪ್ಲಿಮತ್ ಪಟ್ಟಣದ ಮೂರನೇ ಮಹಡಿಯಲ್ಲಿ ಬೆಳೆದ ರೊವೀನಾಗೆ ಗಿಡಗಳ ಪರಿಚಯವಾದದ್ದು ಪುಸ್ತಕದಿಂದ. ಕರಿಮುಳ್ಳು ಚಳಿಗಾಲ ತರುವ ಮಾಟಗಾತಿ ಮುದುಕಿಯ ಮರ, ಒಳಗೆ ತರಕೂಡದು ಅಂತ ಅವಳ ನೋಟ್‌ಬುಕ್ಕಿನಲ್ಲಿ ಅವಳದೇ ಅಕ್ಷರದಲ್ಲಿ ಬರೆದಿತ್ತು! ಬರೆದು ಕೆಳಗೊಂದು ಗೆರೆ ಬೇರೆ ಎಳೆದಿದ್ದಳು. ತನ್ನ ಕೈಯಾರೆ, ತನ್ನ ಮಗಳ ಮೇಲೆ! ಹೂಜಿಗೆ ಕೈ ಹಾಕಿದಳು.

"ತಡೀ!" ಲವ್‌ಡೇ ಕೂಗಿದಳು. "ಸುಮ್ಮನೆ ಬಿಸಾಡಿದ್ರೆ ಆಗಲ್ಲ. ತಂದೋರು ಹೊಸ್ತಿಲಾಚೆ ನಿಂತು ತಮ್ಮ ಹೆಸರು ಹೇಳಿ ಎಸೀಬೇಕು. ಆಗ ಅದು ಅವರೊಬ್ಬರ ಮೇಲೇ ಬೀಳುತ್ತೆ, ಮಕ್ಕಳ ತಂಟೆಗೆ ಹೋಗಲ್ಲ."

"ಸರಿ, ಹೇಳ್ತೀನಿ. ನನ್ನ ಮೇಲೇ ಬೀಳಲಿ."

"ನಿನ್ನ ಮೇಲೆ ಬಿದ್ರೆ? ಈಗ ಆ ಹುಡುಗಿಗೆ ಅಮ್ಮ ಬೇಡ್ವೇನೇ? ತಲೆ ಇದೆಯಾ ನಿಂಗೆ? ಎಬ್ಬಿಸು ನನ್ನ."

"ಅತ್ತೆ, ನಿಮಗೆ ನಡೆಯೋಕೆ…"

"ಎಬ್ಬಿಸು ಅಂದೆ!"

ಬಚ್ಚಲಿಗೆ ಆರು ಹೆಜ್ಜೆ ಹಾಕಲು ಕಾಲು ಗಂಟೆ ತೆಗೆದುಕೊಂಡು ಊರಿಗೆಲ್ಲ ಕೇಳುವ ಹಾಗೆ ನರಳುತ್ತಿದ್ದ ಮುದುಕಿ, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಆ ಕೊಂಬೆ ಹಿಡಿದು ನಡೆದಳು. ರೊವೀನಾ ಅವಳ ಸೊಂಟ ತಬ್ಬಿಕೊಂಡಿದ್ದಳು. ಒಂದೊಂದು ಹೆಜ್ಜೆಗೂ ಮುದುಕಿಯ ಮೈ ಬಿಗಿಯುವುದು ಅವಳಿಗೆ ತಿಳಿಯುತ್ತಿತ್ತು. ಹೊಸ್ತಿಲು ದಾಟಿ ಮೆಟ್ಟಿಲ ಮೇಲೆ ನಿಂತಾಗ ಸಮುದ್ರದ ಗಾಳಿ ಇಬ್ಬರನ್ನೂ ಅಲ್ಲಾಡಿಸಿತು.

"ನಾನು ಲವ್‌ಡೇ ಟ್ರೆವಾಸ್ಕಿಸ್," ಅಂದಳು ಮುದುಕಿ, ಚಾಪೆಲ್ಲಿನಲ್ಲಿ ಬೈಬಲ್ ಓದುವ ದನಿಯಲ್ಲಿ. "ಇದನ್ನ ಒಳಗೆ ತಂದೋಳು ನಾನು. ಬೇರೆ ಯಾರೂ ಅಲ್ಲ." ಕೊಂಬೆ ಗೋಡೆ ದಾಟಿ ಓಣಿಗೆ ಬಿತ್ತು.

ಸುಳ್ಳು ಹೇಳಬಾರದು ಅಂತ ನಲವತ್ತು ವರ್ಷ ಭಾನುವಾರದ ಶಾಲೆಯಲ್ಲಿ ಮಕ್ಕಳ ಕಿವಿ ಹಿಂಡಿದ್ದ ಹೆಂಗಸು ಅವಳು. ರೊವೀನಾ ಅವಳನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಳು. ಬೆಳಗಿನಿಂದ ಈ ಮುದುಕಿಯನ್ನು ಮನಸ್ಸಿನಲ್ಲಿ ಎಷ್ಟು ಶಪಿಸಿದ್ದೆ ಅಂತ ನೆನಪಾಗಿ ನಾಚಿಕೆಯಾಯಿತು.

ತಿರುಗಿ ಕುರ್ಚಿ ಸೇರುವ ಹೊತ್ತಿಗೆ ಎರಡೂ ಮುಕ್ಕಾಲು ದಾಟಿಹೋಗಿತ್ತು, ಬತ್ತಿ ಹಚ್ಚಿರಲಿಲ್ಲ. ಯಾರಿಗೂ ಅದು ನೆನಪಿರಲಿಲ್ಲ. ಲವ್‌ಡೇ ಬೆವರುತ್ತಿದ್ದಳು. ರೊವೀನಾ ಅವಳ ಕಾಲು ಸ್ಟೂಲಿನ ಮೇಲಿಟ್ಟು, ಕಂಬಳಿ ಹೊದಿಸಿ, ಕಿಟಕಿಗೆ ಹೋಗಿ, ವಾಪಸು ಬಂದು, ಮತ್ತೆ ಕಿಟಕಿಗೆ ಹೋದಳು.

"ಕೂತ್ಕೊಳ್ಳೇ. ನಿನ್ನ ನೋಡಿ ನನಗೇ ತಲೆ ಸುತ್ತುತ್ತಿದೆ."

ಮೂರೂ ಹತ್ತಕ್ಕೆ ಫೋನ್ ಬಂತು. ಡೆನ್ಜಿಲ್ ಅಳುತ್ತಿದ್ದ. ಅವನ ಅಳು ಕೇಳಿ ರೊವೀನಾಗೆ ಒಂದು ಕ್ಷಣ ಜೀವವೇ ಹೋಯಿತು.

"ಹೆಣ್ಣು, ರೋ! ಕೊಯ್ದು ತೆಗೆದ್ರು. ಏನು ಗಂಟಲು ಅಂತೀಯಾ! ಇಬ್ಬರೂ ಚೆನ್ನಾಗಿದಾರೆ. ಅಮ್ಮಂಗೆ ಹೇಳು, ಅವಳ ಹೆಸರೇ ಇಡ್ತಾಳಂತೆ ಎಲೊವೆನ್. ಲವ್‌ಡೇ ಅಂತ."

ರೊವೀನಾ ಅಳುತ್ತಾ ನಗುತ್ತಾ ಅಷ್ಟನ್ನೂ ಒಪ್ಪಿಸಿದಳು. ಮುದುಕಿ ಮೊದಲು ಎರಡೂ ಕೈ ಜೋಡಿಸಿ ಕರ್ತನಿಗೆ ಸ್ತೋತ್ರ ಹೇಳಿದಳು. ಹೆಸರಿನ ಮಾತು ಬಂದಾಗ ಮುಖ ಬಿಳಿಚಿಕೊಂಡಿತು.

"ಬೇಡ. ಆ ಹೆಸರು ಬೇಡ ಅನ್ನು. ಈಗಷ್ಟೇ ಹೊರಗೆ ನಿಂತು ಅದನ್ನ ಸಾವಿಗೆ ಕೊಟ್ಟು ಬಂದಿದೀನಿ. ಕೂಸಿಗೆ ಅದು ಬೇಡವೇ ಬೇಡ." ಅವಳ ಕಣ್ಣಲ್ಲಿ ನೀರು ತುಂಬಿತು. ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ರೊವೀನಾ ಅದನ್ನು ನೋಡಿರಲಿಲ್ಲ.

ರೊವೀನಾ ಹೊರಗೆ ನಡೆದಳು. ಕೊಂಬೆ ಓಣಿಯ ಕೆಸರಿನಲ್ಲಿ ಬಿದ್ದಿತ್ತು. ಅದರ ಮುಂದೆ ನಿಂತು ಅಂಗೈಯ ಗಾಯ ತೋರಿಸಿ ಗಟ್ಟಿಯಾಗಿ ಹೇಳಿದಳು: "ನಾನು ರೊವೀನಾ. ಇದನ್ನ ತಂದೋಳು ನಾನು, ರಕ್ತ ನೋಡು. ಲವ್‌ಡೇ ಹೇಳಿದ್ದು ಶುದ್ಧ ಸುಳ್ಳು. ಅವಳ ಹೆಸರು ವಾಪಸು ಕೊಡು." ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಎದುರು ಮನೆಯವನು ನಿಂತು ನೋಡಿದ. ನೋಡಲಿ!

ಹಿಂದಿನಿಂದ ಕಿಟಕಿಯ ಗಾಜಿಗೆ ಕೋಲು ಬಡಿಯುವ ಸದ್ದು ಕೇಳಿತು. "ಒಳಗೆ ಬಾರೇ, ಹುಚ್ಚೀ! ಕೇಳಿಸ್ತು ನಂಗೆ! ಹಿಂದಕ್ಕೆ ತಗೋ ಆ ಮಾತು!"

"ತಗೊಳ್ಳಲ್ಲ ಅತ್ತೆ!" ಅಂತ ಅವಳೂ ಕೂಗಿದಳು.

ಒಳಗೆ ಬಂದಾಗ ಪೀಠದ ಮೇಲೆ ಮೇಣದಬತ್ತಿ ಉರಿಯುತ್ತಿತ್ತು. ಮುದುಕಿ ಬೆಂಕಿಪೆಟ್ಟಿಗೆಯನ್ನು ಕಂಬಳಿಯ ಕೆಳಗೆ ತಳ್ಳುತ್ತಿದ್ದಳು.

"ಯಾರು ಹಚ್ಚಿದ್ದು, ಅತ್ತೆ?"

"ನನಗೇನು ಗೊತ್ತು? ತಾನೇ ಹತ್ಕೊಂಡಿತು."

"ಇವತ್ತಿಗೆ ಎರಡನೇ ಸುಳ್ಳು."

"ಬಾಯಿ ಮುಚ್ಕೊಂಡು ಟೀ ಮಾಡು," ಅಂದಳು ಲವ್‌ಡೇ. ಆಮೇಲೆ ಸೊಸೆಯ ಗಾಯದ ಕೈ ಹಿಡಿದೆಳೆದು ತನ್ನ ಕರವಸ್ತ್ರವನ್ನು ಅದಕ್ಕೆ ಸುತ್ತತೊಡಗಿದಳು. ಎಷ್ಟು ಹೊತ್ತಾದರೂ ಆ ಕೈ ಬಿಡಲಿಲ್ಲ. ಟೀ ಆಗಲಿಲ್ಲ.