ಖಾರದ ಕೈ

ಮತ್ತೆ ಬಂತು ಹಕ್ಕಿ, ಗಿರಣಿಯ ಹಿಂಗೋಡೆಗೆ ಆತುಕೊಂಡ ಸೂಜಿಮೆಣಸಿನ ಗಿಡದಲ್ಲಿ ಕೂತು ಒಂದೊಂದೇ ಕೆಂಪು ಹಣ್ಣು ನುಂಗುತ್ತಿದೆ, ಕಣ್ಣು ಕೂಡ ಮಿಟುಕಿಸುವುದಿಲ್ಲ ಹಾಳಾದ್ದು, ಖಾರ ಅದಕ್ಕೆ ನಾಟುವುದೇ ಇಲ್ಲ, ಯಾರೂ ಬಿತ್ತದ ಗಿಡ, ಇದರ ಹಿಕ್ಕೆಯಿಂದಲೇ ಹುಟ್ಟಿದ್ದು, ಕಾಯಿಗಳೆಲ್ಲ ನೆಲ ನೋಡದೆ ಆಕಾಶಕ್ಕೆ ಮುಖ ಮಾಡಿವೆ, ಅಪ್ಪನೂ ಹಾಗೇ ಮಲಗಿದ್ದ, ಮುಖ ಮೇಲೆ, ಕಣ್ಣು ಅರೆತೆರೆದು, ಮಗ ಅಲ್ವಾ ನೀನೇ ಮುಚ್ಚಪ್ಪ ಅಂದಳು ಅಕ್ಕ, ಇವನು ಮುಚ್ಚಿದ, ಶಾಲೆ ಬಿಟ್ಟಾಗಿನಿಂದ ಈ ಗಿರಣಿಯಲ್ಲಿ ಮೆಣಸಿನಕಾಯಿ ಪುಡಿಮಾಡಿದ ಬೆರಳುಗಳಲ್ಲಿ, ಉಗುರಿನ ಸಂದಿಯಲ್ಲಿ ಪುಡಿ ಇದ್ದ ಹಾಗೇ, ತೊಳೆಯುವಷ್ಟು ಪುರಸೊತ್ತು ಎಲ್ಲಿ ಕೊಟ್ಟ ಆ ಮಾಲೀಕ, ಸಾಯೋರು ಕಾಯ್ತಾರೆ ಕಣಯ್ಯ, ಗಿರಾಕಿ ಕಾಯಲ್ಲ, ಈ ಮೂಟೆ ಮುಗಿಸಿ ಹೋಗು, ನಗುತ್ತಲೇ ಅಂದಿದ್ದ, ಆ ನಗುವಿಗೆ ಒಂದು ಹಿಡಿ ಪುಡಿ ಎರಚಬೇಕಿತ್ತು — ಕಾಂಪೌಂಡರು ನಾಡಿ ಹಿಡಿದು ಮುಗೀತು ಅಂದ, ಅವನಿಗೇನು ಗೊತ್ತು, ಇಂಜೆಕ್ಷನ್ ಚುಚ್ಚಿದ್ದಕ್ಕಿಂತ ಬೀಡಿ ಸೇದಿದ್ದೇ ಹೆಚ್ಚು, ಗುಂಡಿಗೆ ಇಳಿಸಿದ ಮೇಲೆ ಬಗ್ಗಿ ನೋಡಿದ್ದು ಇವನೊಬ್ಬನೇ, ಅಪ್ಪನ ಎಡಗಣ್ಣಿನ ಕೊನೆಯಿಂದ ಒಂದು ಹನಿ, ಕೆನ್ನೆಯಂಚಿನಲ್ಲಿ ಕಿವಿಯ ಕಡೆಗೆ ಹೊರಟಿತ್ತು, ಅಕ್ಕಾ ನೋಡೇ, ಅಪ್ಪ ಅಳ್ತಿದಾನೆ, ಸುಮ್ನಿರೋ, ನಿನ್ನ ಕೈಯ ಖಾರ ಅದು, ಖಾರಕ್ಕೆ ಸತ್ತೋರು ಬದುಕಿರೋರು ಅಂತ ಭೇದ ಇದ್ಯಾ, ಮಣ್ಣು ಹಾಕು, ಹಾಕಿದ, ಮೊದಲ ಹಿಡಿ ಇವನದೇ, ಅಂದಿನಿಂದ ಅಕ್ಕನ ಆ ಮಾತೇ ಊರುಗೋಲು, ಸತ್ತವರ ಕಣ್ಣಲ್ಲೂ ನೀರು ಬರುತ್ತೆ, ಬಂದೇ ಬರುತ್ತೆ, ಬರದಿದ್ದರೆ ಅಪ್ಪ ಸತ್ತಿರಲಿಲ್ಲ, ಸತ್ತಿರದ ಅಪ್ಪನ ಮೇಲೆ — ಗಿಡದ ಬುಡದಲ್ಲಿ ಗಿರಣಿಯ ಮುದಿ ಬೆಕ್ಕು, ಈಗಷ್ಟೇ ಸತ್ತಿದ್ದು, ಎಸೆದು ಬಾ ಅಂತ ಮಾಲೀಕ ಕಳಿಸಿದ್ದಾನೆ, ಮೈ ಇನ್ನೂ ಬೆಚ್ಚಗಿದೆ, ಕಣ್ಣು ಅರೆತೆರೆದಿದೆ, ಹಕ್ಕಿ ಹಾರುವುದಿಲ್ಲ, ನುಂಗುವುದನ್ನು ನಿಲ್ಲಿಸಿ ನೋಡುತ್ತದೆ, ಇವನು ಒಂದು ಕಾಯಿ ಕಿತ್ತ, ಉಗುರಲ್ಲಿ ಸೀಳಿದ, ಬೆರಳಿಗೆ ಉರಿ ತಿಳಿಯುವುದೇ ಇಲ್ಲ, ಬೆರಳು ಸತ್ತು ಎಷ್ಟು ವರ್ಷವಾಯಿತೋ, ಬೆಕ್ಕಿನ ಕಣ್ಣೊಳಗೆ ಸವರಿದ, ಬರುತ್ತೆ, ಈಗ ಬರುತ್ತೆ, ಏನೋ ಮಾಡ್ತಿದೀಯ ಅಲ್ಲಿ, ಬೆಕ್ಕಿಗೆ ಮಸಾಲೆ ಹಚ್ತಿದೀಯಾ, ಒಳಗಿನಿಂದ ಮಾಲೀಕನ ದನಿ, ಬಾಯ್ಮುಚ್ಚೋ, ಬರುತ್ತೆ, ಕಣ್ಣು ಗಾಜಿನ ಹಾಗಿದೆ, ಇನ್ನೊಂದು ಕಾಯಿ, ಈಗ ಎಡಗಣ್ಣು, ಬೀಜವೂ ಅಂಟಿತು ರೆಪ್ಪೆಗೆ, ಬಾರೇ, ಒಂದು ಹನಿ, ಒಂದೇ ಒಂದು, ಒಣ, ಮೈ ಬಿಸಿ ಆರುತ್ತಿದೆ, ಒಣ, ಒಣ — ಅಪ್ಪನ ಎಡಗಣ್ಣಿನ ಕೊನೆಯಿಂದ, ಕಿವಿಯ ಕಡೆಗೆ, ಮೊದಲ ಹಿಡಿ ಮಣ್ಣು ಬೀಳುವಾಗಲೂ ಇಳಿಯುತ್ತಲೇ ಇದ್ದ ಒಂದು ಹನಿ, ಒಂದು ಹನಿ